ಟವೆಲ್ ಧರ್ಮ

ಬಾಗಲಕೋಟೆ ಬಸ್ ಸ್ಟ್ಯಾಂಡು. ಭರತ ಹುಣ್ಣಿಮೆಗೆ ಸವದತ್ತಿಗೆ ಹೊರಟಿದ್ದೆವು. ಬಸ್ಸು ಇನ್ನೂ ಪೂರ್ತಿ ನಿಂತಿರಲಿಲ್ಲ, ಗುರ್ಯಾ ಕಿಟಕಿಯೊಳಗೆ ಟವೆಲ್ ಎಸೆದ. ನಾವು ಬಾಗಿಲಲ್ಲಿ ಗುದ್ದಾಡಿ ಒಳಗೆ ಹೋಗುವಷ್ಟರಲ್ಲಿ ಹುಡುಗನೊಬ್ಬ ಆ ಟವೆಲ್ ಮೇಲೇ ಆರಾಮಾಗಿ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದ. ಜಗಳ ಆಯಿತು. “ನಮ್ಮ ಕಡೆ ಕೂತವನದೇ ಸೀಟು” ಅಂದ, ಏಳಲಿಲ್ಲ. ಗುರ್ಯಾ ಅವನ ಕೆಳಗಿಂದ ಟವೆಲ್ ಎಳೆದುಕೊಂಡು ಇಳಿದ. ಮುಂದಿನ ಬಸ್ಸಿಗೆ ಮುಕ್ಕಾಲು ಗಂಟೆ. ಎದುರಿಗೆ ಚಾದಂಗಡಿ.

“ಇದು ಅನ್ಯಾಯ” ಅಂದ ಗುರ್ಯಾ.

“ಯಾರ ದೃಷ್ಟಿಯಲ್ಲಪಾ?” ಅಂದರು ಕಾಕಾ.

ಗುರ್ಯಾ ಸುಮ್ಮನಾದ. ಯಾಕಂದರೆ ಆರು ತಿಂಗಳಿಂದ ಅದೆಂಥದೋ ಪಾಡ್‌ಕಾಸ್ಟ್ ಕೇಳಿ ಕೇಳಿ, ಏನು ಮಾತು ತೆಗೆದರೂ “ಸರಿ-ತಪ್ಪು ಅಂತ ಏನೂ ಇಲ್ಲ, ಎಲ್ಲಾ ಅವರವರ ದೃಷ್ಟಿಕೋನ” ಅಂತ ನಮ್ಮ ಜೀವ ತಿಂದವನು ಇವನೇ. ನನ್ನ ಎರಡು ಸಾವಿರ ವಾಪಸ್ ಕೇಳಿದಾಗಲೂ, ಸಾಲ ಅನ್ನೋದು ಬರೀ ಒಂದು ಕಲ್ಪನೆ ಅಂದಿದ್ದ.

ಮಾಸ್ತರ್ ಮಿರ್ಚಿ ಭಜಿಯ ತೊಟ್ಟು ಬದಿಗಿಟ್ಟರು. “ಹಂಗಲ್ರೀ, ಅವನ ಮಾತಲ್ಲೂ ಹುರುಳಿದೆ. ಪರ್ಶಿಯಾದ ದೊರೆ ದಾರಿಯಸ್ ಗ್ರೀಕರನ್ನು ಕರೆಸಿ, ಎಷ್ಟು ರೊಕ್ಕ ಕೊಟ್ಟರೆ ಸತ್ತ ಅಪ್ಪನ್ನ ತಿಂತೀರಿ ಅಂತ ಕೇಳಿದನಂತೆ. ಛೀ ಅಂದರು. ನಮ್ಮ ದೇಶದ ಕಡೆಯ ಒಂದು ಪಂಗಡದವರು ತಿನ್ನುತ್ತಿದ್ದರಂತೆ. ಅವರನ್ನು ಕರೆಸಿ, ಎಷ್ಟು ಕೊಟ್ಟರೆ ಸುಡ್ತೀರಿ ಅಂದ. ಅವರು ಚೀರಿಬಿಟ್ಟರು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿಟ್ಟಿದ್ದಾನೆ.”

“ನೋಡ್ರಿ!” ಗುರ್ಯಾಗೆ ಜೀವ ಬಂತು.

“ಏನು ನೋಡೋದು? ಇಬ್ಬರೂ ಚೀರಿದ್ದು ಅಪ್ಪನ ಮರ್ಯಾದೆಗೇ. ಒಬ್ಬರ ಟವೆಲ್ ಕೆಂಪು, ಇನ್ನೊಬ್ಬರದು ಹಸಿರು” ಅಂದರು ಕಾಕಾ.

ಅಲ್ಲಿಂದ ಮಾತು ಎಲ್ಲೆಲ್ಲೋ ಹೋಯಿತು. ಮುಂಬೈ ಲೋಕಲ್‌ನಲ್ಲಿ ಟವೆಲ್ ನಡೆಯುತ್ತಾ, ಒಂದು ಕರ್ಚೀಫಿಗೆ ಎಷ್ಟು ಸೀಟು, ಪೇಪರ್ ಇಟ್ಟರೆ ಲೆಕ್ಕಕ್ಕಿದೆಯಾ (ನನ್ನ ಪ್ರಕಾರ ಇಲ್ಲ, ಗಾಳಿಗೆ ಹಾರುವ ಹಕ್ಕು ಹಕ್ಕೇ ಅಲ್ಲ). ಮಾಸ್ತರ್ ವಿಶ್ವಸಂಸ್ಥೆಗೆ ಹೋದರು. 1948ರ ಡಿಸೆಂಬರ್ 10, ಮಾನವ ಹಕ್ಕುಗಳ ಘೋಷಣೆ. 48 ದೇಶ ಹೌದು ಅಂದವು, 8 ತಟಸ್ಥ, ಬೇಡ ಅಂದವರು ಒಬ್ಬರೂ ಇಲ್ಲ.

“ಅದಕ್ಕೆ ಮೊದಲೇ, 1947ರಲ್ಲಿ, ಅಮೆರಿಕದ ಮಾನವಶಾಸ್ತ್ರಜ್ಞರ ಸಂಘ ತಕರಾರು ತೆಗೆದಿತ್ತು. ಎಲ್ಲರಿಗೂ ಒಂದೇ ಅಳತೆ ಹೆಂಗೆ ಅಂತ” ಅಂದ ಗುರ್ಯಾ. ಪಾಡ್‌ಕಾಸ್ಟು ಪೂರ್ತಿ ದಂಡ ಅಲ್ಲ.

“ಆ ಘೋಷಣೆಯ ಕರಡಿನಲ್ಲಿ ‘ಗಂಡಸರು’ ಅಂತಲೂ ಓದಬಹುದಾದ ಮಾತು ಇತ್ತು” ಅಂದರು ಮಾಸ್ತರ್. “ಅದನ್ನ ‘ಎಲ್ಲ ಮನುಷ್ಯರೂ’ ಅಂತ ತಿದ್ದಿಸಿದ್ದು ನಮ್ಮ ದೇಶದ ಪ್ರತಿನಿಧಿ ಹಂಸಾ ಮೆಹ್ತಾ.”

“ಅಂದರೆ ಅಲ್ಲಿತನಕ ಲೇಡೀಸ್ ಸೀಟಿನ ಮೇಲೂ ಗಂಡಸರ ಟವೆಲ್ಲೇ ಇತ್ತು ಅನ್ನಿ.”

“ಏನೇ ಅನ್ರಿ ಕಾಕಾ, ಒಂದು ಊರಿನ ಸಂಸ್ಕೃತಿ ತಪ್ಪು ಅನ್ನೋಕೆ ಹೊರಗಿನವರು ಯಾರು?”

ಕಾಕಾ ಬಸಿಯಲ್ಲಿ ಉಳಿದ ಚಾ ಕುಡಿದು ಕೆಳಗಿಟ್ಟರು. “ನಾವು ಈಗ ಯಾವ ಊರಿಗೆ ಹೊರಟಿದ್ದೀವಿ?”

“ಸವದತ್ತಿಗೆ.”

“ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡೋದೂ ಸಂಸ್ಕೃತಿನೇ ಆಗಿತ್ತು. ಅದನ್ನ ನಿಷೇಧಿಸಿದ 1982ರ ಕಾಯ್ದೆ ಬರೋಕೆ ಎಷ್ಟೋ ವರ್ಷ ಮೊದಲು, ನನ್ನ ಜೊತೆ ಸಾಲಿಗೆ ಬರ್ತಿದ್ದ ಹುಡುಗಿಗೆ ಕಟ್ಟಿದರು. ಅಪ್ಪನ್ನ ಕೇಳಿದರು, ಹಿರಿಯರನ್ನ ಕೇಳಿದರು. ಎಲ್ಲರ ದೃಷ್ಟಿಕೋನವೂ ಆಯ್ತು. ಅವಳನ್ನ ಯಾರೂ ಕೇಳಲಿಲ್ಲ. ಅವಳು ಹೊಸ ಹಸಿರು ಬಳೆ ಬಂದವು ಅಂತ ಓಣಿ ತುಂಬ ಕೈ ಆಡಿಸಿಕೊಂಡು ತಿರುಗಿದಳು.”

ಭಜಿ ಆರಿತ್ತು. ಯಾರೂ ತಿನ್ನಲಿಲ್ಲ.

ಬಸ್ಸು ಬಂತು. ಗುರ್ಯಾ ಓಡಿ ಟವೆಲ್ ಎಸೆದ. ಒಳಗೆ ಹೋಗಿ ನೋಡಿದರೆ ಆ ಸೀಟಿನಲ್ಲಿ ಒಬ್ಬ ಮುದುಕಿ. ಹಣೆ ತುಂಬ ಭಂಡಾರ, ತೊಡೆಯ ಮೇಲೆ ಟವೆಲ್.

“ನಿಂದೇನಪಾ ಇದು? ತಗೋ, ಮಡಚಿ ಇಟ್ಟೀನಿ.”

ಗುರ್ಯಾ ಟವೆಲ್ ಇಸಕೊಂಡು ಹೆಗಲಿಗೆ ಹಾಕಿ ಕಂಬ ಹಿಡಿದು ನಿಂತ. ನನ್ನ ಎರಡು ಸಾವಿರದ ಮಾತು ತೆಗೆಯೋಣ ಅನಿಸಿತು, ಬಿಟ್ಟೆ. ಲೋಕಾಪುರದಲ್ಲಿ ಪಕ್ಕದ ಸೀಟು ಖಾಲಿಯಾಯಿತು. ಗುರ್ಯಾನ ಕೈ ಟವೆಲ್ಲಿಗೆ ಹೋಯಿತು, ಯಾಕೋ ಅಲ್ಲೇ ನಿಂತಿತು.

ಅಷ್ಟರಲ್ಲಿ ಕಾಕಾ ಕೂತುಬಿಟ್ಟಿದ್ದರು.