ಪದಚರ್ಚೆ: ದೊಡ್ಡಮ್ಮನನ್ನು ‘ವಕ್ತೃ’ ಅಂತ ಬರೆಯಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದಕ್ಕೆ ನಿಮ್ಮ ಸಹಾಯ ಬೇಕು.

ನಾನು ಸಾಗರದ ಕಡೆಯ ದೀವರ ಸಮುದಾಯದ ಮನೆಯವಳು. ಈ ಸಲ ಭೂಮಿ ಹುಣ್ಣಿಮೆಗೆ (ಸೀಗೆ ಹುಣ್ಣಿಮೆ) ಊರಲ್ಲೇ ಉಳಿದು, ನಮ್ಮವರು ಗೋಡೆ, ಬುಟ್ಟಿಗಳ ಮೇಲೆ ಬರೆಯುವ ಚಿತ್ತಾರದ ಬಗ್ಗೆ ಕ್ಷೇತ್ರಕಾರ್ಯ ಮಾಡಬೇಕು ಅಂತಿದ್ದೇನೆ. ಜಾನಪದ ಅಧ್ಯಯನದಲ್ಲಿ ಮಾಹಿತಿ ಕೊಡುವವರಿಗೆ ‘ವಕ್ತೃ’ ಅನ್ನುತ್ತಾರೆ. ನನ್ನ ಪಟ್ಟಿಯಲ್ಲಿ ಮೊದಲ ವಕ್ತೃ ನಮ್ಮ ದೊಡ್ಡಮ್ಮ. ಅಲ್ಲಿಗೇ ಪೆನ್ನು ನಿಂತಿತು.

ವಕ್ತೃ ಅಂದರೆ ಮಾತಾಡುವವರು. ಹಾಡು, ಕಥೆ ಹೇಳುವವರಿಗೆ ಸರಿ. ದೊಡ್ಡಮ್ಮ ಚಿತ್ತಾರಕ್ಕೆ ಕೂತರೆ ತುಟಿ ಬಿಚ್ಚುವುದಿಲ್ಲ. ಕೆಮ್ಮಣ್ಣು ಬಳಿದ ಭೂಮಣ್ಣಿ ಬುಟ್ಟಿಯನ್ನು (ಭೂಮಿ ಹುಣ್ಣಿಮೆಯ ಬುಟ್ಟಿ) ತೊಡೆಗೆ ಒರಗಿಸಿಕೊಂಡು, ಪುಂಡಿ ನಾರನ್ನು ಅರೆದ ಅಕ್ಕಿಯಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಎಳೆ ಎಳೆಯುತ್ತಾಳೆ. ನನ್ನ ಎಳೆ ಸೊಟ್ಟಗಾದರೆ ಸುಮ್ನೆ ಕೈ ಹಿಡಿದು ಮತ್ತೆ ಎಳೆಸುತ್ತಾಳೆ. ಕನ್ನಡದಲ್ಲಿ ‘ಹೇಳು’ ಬೇರೆ, ‘ಹೇಳಿಕೊಡು’ ಬೇರೆ ಅಲ್ವಾ? ಅವಳದ್ದು ಎರಡನೆಯದು.

‘ಮಾಹಿತಿದಾರ’ ಅಂದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ‘ಚಿತ್ತಾರಗಿತ್ತಿ’ ನಮ್ಮದೇ ಮಾತು, ನನಗೆ ತುಂಬಾ ಇಷ್ಟ. ಆದರೆ ಹಳದಿ ಬಣ್ಣಕ್ಕೆ ಬೇಕಾದ ‘ಗುರಿಗೆ’ ಅನ್ನುವ ಕಾಯಿ ಹುಡುಕಿ ತರುವ ಮಾವ, ಬುಟ್ಟಿ ಹೆಣೆಯುವವರು ಅದರೊಳಗೆ ಬರುವುದಿಲ್ಲ. ಸದ್ಯಕ್ಕೆ ‘ಹೇಳಿಕೊಟ್ಟವರು’ ಅಂತ ಬರೆದಿಟ್ಟಿದ್ದೇನೆ.

ವಿದ್ಯಾಭ್ಯಾಸದ ಕಾಲಂ ಇನ್ನೂ ಕಷ್ಟ. ದೊಡ್ಡಮ್ಮ ಶಾಲೆಗೆ ಹೋದವಳಲ್ಲ. ರೂಢಿಯಂತೆ ‘ಅನಕ್ಷರಸ್ಥೆ’ ಅನ್ನಬೇಕು. ಆದರೆ ನಮ್ಮಲ್ಲಿ ಚಿತ್ತಾರ ‘ಬರೆಯುತ್ತಾರೆ’. ಮದುವೆ ಮದುವೆಗೂ ಹಸೆಗೋಡೆ (ಮದುವೆಯ ಗೋಡೆ ಚಿತ್ತಾರ) ಬರೆದವಳಿಗೆ ಬರೆಯಲು ಬಾರದು ಅಂತ ನಾನು ಹೇಗೆ ಬರೆಯಲಿ?

‘ಕ್ಷೇತ್ರ’ದ ವಿಷಯ ದೊಡ್ಡದಲ್ಲ. “ಕ್ಷೇತ್ರಕಾರ್ಯಕ್ಕೆ ಬರ್ತೀನಿ” ಅಂದಾಗ ದೊಡ್ಡಮ್ಮ “ಯಾವ ದೇವಸ್ಥಾನಕ್ಕೆ?” ಅಂದಳು. ಮೂಲದಲ್ಲಿ ಕ್ಷೇತ್ರ ಅಂದರೆ ಹೊಲವೇ. ಹುಣ್ಣಿಮೆಯಂದು ನಾವು ಹೋಗುವುದೂ ಗದ್ದೆಗೇ. ಹೊಡೆ ಬಂದ ಭತ್ತ ನಮಗೆ ಬಸುರಿ, ಅವಳಿಗೆ ಬಯಕೆಯೂಟ. ಪದ ಬಳಕೆಗೆ ಬಂದಾಗಿದೆ, ಇರಲಿ.

ವಕ್ತೃವಿನ ಬಗ್ಗೆ ಇಷ್ಟು ಯೋಚನೆ ಯಾಕೆ ಅಂದರೆ, ದೊಡ್ಡಮ್ಮನ ಗುರುತು ಮರೆಸಲು ನನಗೆ ಆಗುವುದಿಲ್ಲ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಉಳಿದು ಅಧ್ಯಯನ ಮಾಡಿದಾಗ, ಆ ಊರನ್ನು ‘ರಾಂಪುರ’ ಅಂತ ಬೇರೆ ಹೆಸರಿನಲ್ಲಿ ಬರೆದರು. ನಾನು ಊರ ಹೆಸರು ಬದಲಿಸಿದರೂ ಉಪಯೋಗ ಕಮ್ಮಿ. ಬರೆದವಳು ನಾನು ಅಂದಮೇಲೆ ದೊಡ್ಡಮ್ಮ ಯಾರು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಬರೆದದ್ದನ್ನು ಜಗಲಿಯಲ್ಲಿ ಕೂತು ಅವಳಿಗೆ ಓದಿ ಹೇಳಬೇಕು. ಆಗ ನನ್ನ ನಾಲಿಗೆ ತಡವರಿಸದ ಪದ ಬೇಕು.

ನಿಮ್ಮ ಕಡೆ ಕಸೂತಿ, ಕೌದಿ, ಚಾಪೆ ಕೆಲಸ ಹೇಳಿಕೊಡುವವರನ್ನು ಏನಂತ ಕರೆಯುತ್ತೀರಿ? ಪ್ರಬಂಧದಲ್ಲಿ ‘ಹೇಳಿಕೊಟ್ಟವರು’ ಅಂತ ಬಳಸಿದವರು ಯಾರಾದರೂ ಇದ್ದೀರಾ? ಭೂಮಿ ಹುಣ್ಣಿಮೆಗೆ ಮೊದಲೇ ಕ್ಷೇತ್ರಕಾರ್ಯದ ಯೋಜನೆ ಬರೆದು ಕೊಡಬೇಕು.