ನೇಮದ ಆಮಂತ್ರಣ ಪತ್ರಿಕೆಯಲ್ಲಿ ದಾರಿ ಬರೆಯಬೇಕೇ, ಕ್ಯೂಆರ್ ಕೋಡ್ ಸಾಕೇ?

ಪ್ರಶ್ನೆ: ಗದ್ದೆಬದಿ

ನಮ್ಮ ಕುಟುಂಬದ ಮನೆ ಉಡುಪಿಯಿಂದ ಹೆಬ್ರಿಗೆ ಹೋಗುವ ರಸ್ತೆಯಲ್ಲಿ, ಹಿರಿಯಡ್ಕ ದಾಟಿದ ಮೇಲೆ ಸಾಕಷ್ಟು ಒಳಗೆ, ಗದ್ದೆಗಳ ನಡುವೆ ಇದೆ. ಬರುವ ಫೆಬ್ರವರಿಯಲ್ಲಿ ಅಲ್ಲಿ ದೈವಾರಾಧನೆಯ ನೇಮ ನಡೆಯಲಿದ್ದು, ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಮನೆಯಲ್ಲಿ ಚರ್ಚೆ ಎದ್ದಿದೆ. ಯಜಮಾನರಾದ ನನ್ನ ಸೋದರಮಾವನವರು ಹಿಂದಿನಂತೆಯೇ ಕೊನೆಯ ಪುಟದಲ್ಲಿ ದಾರಿಯ ವಿವರ ಇರಲೇಬೇಕೆನ್ನುತ್ತಾರೆ: ಬಸ್ಸು ಎಲ್ಲಿ ಇಳಿಯಬೇಕು, ಯಾವ ಕಟ್ಟೆಯ ಬಳಿ ತೆಂಕು ಬದಿಗೆ ತಿರುಗಬೇಕು, ಭಜನಾ ಮಂದಿರದಿಂದ ಮುಂದೆ ಎಷ್ಟು ದೂರ, ಎಲ್ಲವೂ. ಮುಂಬಯಿ, ಬೆಂಗಳೂರುಗಳಲ್ಲಿರುವ ನಮ್ಮ ತಲೆಮಾರಿನವರು ಒಂದು ಕ್ಯೂಆರ್ ಕೋಡ್ ಹಾಕಿದರೆ ಸಾಕೆನ್ನುತ್ತಾರೆ.

ನನಗಿರುವ ಅಳುಕು ಬೇರೆಯದು. ಈಗ ಬರುವವರಲ್ಲಿ ಹೆಚ್ಚಿನವರು ದಾರಿಯಲ್ಲಿ ಯಾರನ್ನೂ ಕೇಳುವುದಿಲ್ಲ. ಕಾರಿನ ಗಾಜನ್ನೂ ಇಳಿಸದೆ ಅಂಗಳಕ್ಕೆ ಬಂದು, ಊಟ ಮುಗಿಸಿ, ಬಂದ ಹಾಗೆಯೇ ಹೊರಡುತ್ತಾರೆ. ಆಚೀಚೆ ಮನೆ ಯಾರದ್ದೆಂಬುದು ಅವರಿಗೆ ತಿಳಿಯುವ ಸಂದರ್ಭವೇ ಬರುವುದಿಲ್ಲ. ದಾರಿಯ ವಿವರವನ್ನೂ ತೆಗೆದುಬಿಟ್ಟರೆ ನಾವೇ ಅದಕ್ಕೆ ಒಪ್ಪಿಗೆ ಕೊಟ್ಟಂತಾಗುವುದಿಲ್ಲವೇ? ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಕಾಲುಸಂಕ

ಕೋಡ್ ಹಾಕಿಸಿ, ಆದರೆ ಅದರಲ್ಲಿ ಸೂಚಿಸುವ ಸ್ಥಳವನ್ನು ಮನೆಯ ಮಾಡಿನ ಮೇಲೆ ಗುರುತಿಸಬೇಡಿ. ಕಾರ್ಕಳದ ಕಡೆ ನಮ್ಮ ಬಂಧುಗಳೊಬ್ಬರ ಗೃಹಪ್ರವೇಶಕ್ಕೆ ಬಂದವರಲ್ಲಿ ಹಲವರು ಹೊಳೆಯ ಆಚೆ ದಡದಲ್ಲಿ ಕಾರು ನಿಲ್ಲಿಸಿಕೊಂಡು ಫೋನ್ ಮಾಡುತ್ತಿದ್ದರು. ನಕ್ಷೆಯ ತಂತ್ರಾಂಶ ಸಾಮಾನ್ಯವಾಗಿ ಗುರುತಿಗೆ ಅತಿ ಸಮೀಪದಲ್ಲಿರುವ ರಸ್ತೆಯ ಕಡೆಗೆ ಕರೆದೊಯ್ಯುತ್ತದೆ. ಆ ರಸ್ತೆಗೂ ಮನೆಗೂ ನಡುವೆ ಹೊಳೆಯಿದೆ, ದಾಟಲು ಅಡಿಕೆ ಮರದ ಕಾಲುಸಂಕವೊಂದೇ ಇದೆ ಎಂಬುದು ಅದರ ಲೆಕ್ಕಕ್ಕೆ ಬಾರದು. ಕಿಂಡಿ ಅಣೆಕಟ್ಟುಗಳ ಮೇಲಿನ ದಾರಿಯೂ ಹಾಗೆಯೇ. ಬೈಕು ಸಲೀಸಾಗಿ ಹೋಗುವಲ್ಲಿ ಕಾರು ಹೋಗಿಯೇ ತೀರುತ್ತದೆಂಬ ಭರವಸೆಯಿಲ್ಲ. ಆದುದರಿಂದ ವಾಹನ ನಿಲ್ಲಿಸುವ ಗದ್ದೆಯ ಬಾಯಿಯಲ್ಲಿ ನೀವೇ ನಿಂತು, ಅಲ್ಲಿಯ ಸ್ಥಳವನ್ನೇ ಗುರುತಿಸಿ.

ಇನ್ನೊಂದು ವಿಷಯ. ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಪೈಕಿ ಕನಿಷ್ಠ 4ರ ಸಂಕೇತ ಸಿಕ್ಕಿದರೆ ಫೋನು ತಾನಿರುವ ಸ್ಥಳವನ್ನು ಲೆಕ್ಕ ಹಾಕಿಕೊಳ್ಳುತ್ತದೆ. ಇಂಟರ್ನೆಟ್ ಬೇಕಾಗುವುದು ನಕ್ಷೆಯ ಚಿತ್ರಕ್ಕೆ ಮತ್ತು ಕೋಡಿನಲ್ಲಿರುವ ಕೊಂಡಿಯನ್ನು ತೆರೆಯುವುದಕ್ಕೆ. ಒಳದಾರಿಗೆ ಇಳಿದ ಮೇಲೆ ನೆಟ್‌ವರ್ಕ್ ಹೋದರೆ ಪತ್ರಿಕೆಯ ಮೇಲಿನ ಕೋಡ್ ಬರಿಯ ಕಪ್ಪು ಚೌಕಗಳ ಚಿತ್ತಾರ. ಮಣಿಪಾಲ ಬಿಡುವ ಮೊದಲೇ ಆ ಭಾಗದ ನಕ್ಷೆಯನ್ನು ಇಳಿಸಿಕೊಳ್ಳಿ ಎಂದು ಒಂದು ಸಾಲು ಸೇರಿಸಿದರೆ ಒಳ್ಳೆಯದು. ಉಚಿತವಾಗಿ ಕೋಡ್ ಮಾಡಿಕೊಡುವ ಕೆಲವು ಜಾಲತಾಣಗಳು ತಮ್ಮದೇ ಕೊಂಡಿಯ ಮೂಲಕ ಹಾದುಹೋಗುವಂತೆ ಅದನ್ನು ರಚಿಸುತ್ತವೆ, ಉಚಿತ ಅವಧಿ ಮುಗಿದೊಡನೆ ಅದು ಕೆಲಸ ನಿಲ್ಲಿಸುತ್ತದೆ; ಸ್ಥಳದ ಕೊಂಡಿಯನ್ನು ನೇರವಾಗಿಯೇ ಅಡಕಗೊಳಿಸಿ.

ಪತ್ರಿಕೆಯ ಮೂಲೆಗೆ ಅರಸಿನ ಹಚ್ಚುವವರ ಗಮನಕ್ಕೂ ಒಂದು ಮಾತು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆ ರೂಪಿಸಿದ ಈ ಕೋಡ್, ಹೆಚ್ಚಿನ ದೋಷನಿವಾರಣೆಯ ಮಟ್ಟದಲ್ಲಿ ಮಾಡಿಸಿದರೆ, ಸುಮಾರು ಶೇಕಡಾ 30ರಷ್ಟು ಅಳಿಸಿಹೋದರೂ ಓದಲು ಬರುತ್ತದೆ. ಆದರೆ ಮೂರು ಮೂಲೆಗಳ ದೊಡ್ಡ ಚೌಕಗಳು ಸ್ವಚ್ಛವಾಗಿರಬೇಕು.

ಉತ್ತರ: ಡೊಂಬಿವಿಲಿಯಿಂದ

ಬಂದವರು ಊರವರೊಡನೆ ಬೆರೆಯದಿರುವುದಕ್ಕೆ ಫೋನನ್ನು ದೂರುವುದು ನನಗೆ ಸರಿಕಾಣುವುದಿಲ್ಲ. 1998ರಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆಯುವ ಮೊದಲು ಮುಂಬಯಿಯಿಂದ ಬರುವವರು ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕುಳಿತಿರಬೇಕಿತ್ತು. ಅಷ್ಟು ಕಷ್ಟಪಟ್ಟು ಬಂದವರು ಎರಡು ದಿನಕ್ಕೆ ಹಿಂದಿರುಗುತ್ತಿರಲಿಲ್ಲ. ವಾರಗಟ್ಟಲೆ ನಿಲ್ಲುತ್ತಿದ್ದರು, ನಿಂತದ್ದರಿಂದಲೇ ನೆರೆಮನೆಗಳ ಪರಿಚಯವಾಗುತ್ತಿತ್ತು. ಈಗ ಮಧ್ಯಾಹ್ನ ಅಥವಾ ಸಂಜೆ ರೈಲು ಹತ್ತಿದರೆ ಮರುದಿನ ಬೆಳಗಾಗುವಷ್ಟರಲ್ಲಿ ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿರುತ್ತೇವೆ. ಪ್ರಯಾಣ ಎಷ್ಟು ಸುಲಭವಾಯಿತೋ ರಜೆಯೂ ಅಷ್ಟೇ ಚಿಕ್ಕದಾಯಿತು. ಶನಿವಾರದ ನೇಮ ನೋಡಿ ಸೋಮವಾರ ಕಚೇರಿಯಲ್ಲಿರಬೇಕಾದವನಿಗೆ ಕಟ್ಟೆಯ ಬಳಿ ನಿಂತು ಮಾತಾಡಲು ಪುರುಸೊತ್ತು ಎಲ್ಲಿಂದ ಬರಬೇಕು? ನಾನೂ ಅಂತಹವರಲ್ಲಿ ಒಬ್ಬ. ಈ ವ್ಯವಸ್ಥೆ ಇಲ್ಲದಿದ್ದರೆ ಹೆಚ್ಚಿನ ವರ್ಷಗಳಲ್ಲಿ ನಾನು ಬರುತ್ತಲೇ ಇರಲಿಲ್ಲ.

ಆದರೂ ದಾರಿಯ ವಿವರ ಬೇಕೆಂಬ ನಿಮ್ಮ ಮಾವನವರ ಪಕ್ಷವೇ ನನ್ನದು, ಕಾರಣ ಮಾತ್ರ ಬೇರೆ. ಮೊಣಕಾಲು ನೋವಿನಿಂದ ಪ್ರಯಾಣ ಬಿಟ್ಟಿರುವ ನನ್ನ ಅಮ್ಮ ಆಮಂತ್ರಣ ಪತ್ರಿಕೆ ಬಂದಾಗ ಮೊದಲು ಓದಿಸಿಕೊಳ್ಳುವುದೇ ಆ ಪುಟವನ್ನು. ಶಾಲೆ ಬಂತೇ, ಸಂಕ ಬಂತೇ ಎಂದು ಕೇಳುತ್ತಾರೆ, ನಡುನಡುವೆ ಬರೆದವರನ್ನು ತಿದ್ದುತ್ತಲೂ ಇರುತ್ತಾರೆ.

ಉತ್ತರ: ನಿವೃತ್ತ ಅಂಚೆಯವ

1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದಾಗಲೂ, ಇನ್ನು ವಿಳಾಸದ ತೊಂದರೆಯಿಲ್ಲ ಎಂದವರಿದ್ದರಂತೆ. 575 ಎಂದರೆ ಮಂಗಳೂರು, 576 ಎಂದರೆ ಉಡುಪಿ ಎನ್ನುವಷ್ಟು ವಿಂಗಡಣೆಗೆ ಅದು ನಿಜವಾಗಿಯೂ ನೆರವಾಯಿತು. ಆದರೆ ಒಂದೇ ಗ್ರಾಮದಲ್ಲಿ ‘ಹೊಸಮನೆ’ ಎಂಬ ಹೆಸರಿನ ಹಲವು ಮನೆಗಳಿರುವ ನಮ್ಮ ಸೀಮೆಯಲ್ಲಿ ಕಾಗದ ತಲುಪುತ್ತಿದ್ದುದು ಪೋಸ್ಟ್‌ಮ್ಯಾನ್‌ನ ನೆನಪಿನ ಬಲದಿಂದ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ಎಂಬುದನ್ನು ತಂದಿದೆ; ದೇಶವನ್ನೆಲ್ಲ ಸುಮಾರು 4 ಮೀಟರ್ ಉದ್ದಗಲದ ಚೌಕಗಳಾಗಿ ಭಾಗಿಸಿ, ಪ್ರತಿಯೊಂದಕ್ಕೂ ಅಕ್ಷರ ಮತ್ತು ಅಂಕಿಗಳ 10 ಸ್ಥಾನದ ಸಂಕೇತ ಕೊಟ್ಟಿದ್ದಾರೆ. ಬಹಳ ಉಪಯುಕ್ತವಾದದ್ದೇ, ಪತ್ರಿಕೆಯಲ್ಲಿ ಅದನ್ನೂ ನಮೂದಿಸಬಹುದು. ಆದರೆ ಅದು ಚೌಕವನ್ನು ತಿಳಿಸುತ್ತದೆಯೇ ಹೊರತು ಅಲ್ಲಿಗೆ ಹೋಗುವ ದಾರಿಯನ್ನಲ್ಲ.

ದಾರಿ ಬರೆಯುವಾಗ ಅಂಗಡಿಗಳ ಹೆಸರನ್ನು ನಂಬಬೇಡಿ. ರಸ್ತೆ ಅಗಲವಾದ ಕಡೆಗಳಲ್ಲಿ ಗುರುತಿನ ಮರಗಳೂ ಉಳಿದಿಲ್ಲ. ಶಾಲೆ, ದೇವಸ್ಥಾನ, ಸೇತುವೆ ಇವಷ್ಟನ್ನೇ ಬರೆದರೆ ಸಾಕು. ನೇಮಕ್ಕೆ ಬರುವವರು ಕತ್ತಲಾದ ಮೇಲೆ ಬರುತ್ತಾರೆ, ಆದ್ದರಿಂದ ತಿರುವಿನಲ್ಲಿ ಒಂದು ಟ್ಯೂಬ್‌ಲೈಟ್ ಕಟ್ಟಿಸಿರಿ.

ಗದ್ದೆಬದಿ

ಎಲ್ಲರಿಗೂ ಧನ್ಯವಾದಗಳು. ಡೊಂಬಿವಿಲಿಯವರ ಮಾತನ್ನು ಮಾವನವರಿಗೆ ಓದಿ ಹೇಳಿದೆ. ರಜೆಯ ವಿಷಯದಲ್ಲಿ ಅವರು ಹೇಳಿದ್ದು ಸರಿಯೆಂದು ಒಪ್ಪಿದರು, ನಾನೂ ಒಪ್ಪುತ್ತೇನೆ. ದಾರಿಯ ವಿವರ ನಾಲ್ಕು ಸಾಲುಗಳಿಗೆ ಇಳಿದಿದೆ, ಪಕ್ಕದಲ್ಲಿ ಕೋಡ್ ಬರಲಿದೆ, ಅರಸಿನವನ್ನು ಹಿಂಬದಿಗೆ ಹಚ್ಚುವುದೆಂದು ತೀರ್ಮಾನವಾಗಿದೆ. ದಾರಿ ತಪ್ಪಿದವರು ಕರೆ ಮಾಡಲು ಯಾರ ಮೊಬೈಲ್ ಸಂಖ್ಯೆ ಕೊಡುವುದೆಂಬುದು ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ನೇಮದ ರಾತ್ರಿಯಿಡೀ ಫೋನ್ ಹಿಡಿದುಕೊಂಡು ಕೂರಲು ಮನೆಯಲ್ಲಿ ಯಾರೂ ತಯಾರಿಲ್ಲ.