8 ತಿಂಗಳ ಕೂಸಿಗೆ ದೃಷ್ಟಿ ಬಹಳ ಕಡಿಮೆ, ಕರೆದರೆ ಮಾತೇ ಇಲ್ಲದಂಗ ಸುಮ್ಮನಾಗತೈತಿ: ಗೊತ್ತಿದ್ದವರು ಹೇಳ್ರಿ

ಕೇಳಿದವರು, ರಾಣೆಬೆನ್ನೂರು
ನಮ್ಮ ತಂಗಿ ಕೂಸು 31 ವಾರಕ್ಕ ಹುಟ್ಟೇತಿ, ತೂಕ 1.4 ಕೆಜಿ ಇತ್ತು. ಆರ್‌ಒಪಿ (ದಿನ ತುಂಬದ ಕೂಸಿನ ರೆಟಿನಾ, ಅಂದ್ರ ಕಣ್ಣಿನ ಒಳಪರದೆ ಕೆಡೂ ರೋಗ) ಆಗಿ ಎರಡೂ ಕಣ್ಣಿಗೆ ಲೇಸರ್ ಮಾಡ್ಯಾರ. ಬೆಳಕು ಗೊತ್ತಾಗತೈತಿ, ಅಷ್ಟ ಅಂದಾರ. ಕರದ್ರ ಕೈಕಾಲು ಆಡಿಸೂದು ನಿಲ್ಲಿಸಿ ಬಿಡತೈತಿ, ನಗೂದಿಲ್ಲ. ಬೋರಲ ಹಾಕಿದ್ರ ಅಳತೈತಿ. ಗಿಲಕಿ ಕಡೆ ಕೈ ಚಾಚೂದಿಲ್ಲ. ಹಿರಿಯಾರು ‘ಬುದ್ಧಿ ಮಂದ’ ಅಂತಾರ.

ಹುಬ್ಬಳ್ಳಿ, ಆಪ್ಟೋಮೆಟ್ರಿಸ್ಟ್
ಮೊದಲು ವಯಸ್ಸಿನ ಲೆಕ್ಕ ಸರಿ ಮಾಡ್ಕೊಳ್ರಿ. 9 ವಾರ ಮೊದಲೇ ಹುಟ್ಟಿದ್ದರಿಂದ ಬೆಳವಣಿಗೆ ಅಳೆಯುವಾಗ ಇದು ಸುಮಾರು 6 ತಿಂಗಳ ಕೂಸು.

ಸುಮ್ಮನಾಗೋದು ಮಂದತನ ಅಲ್ರಿ, ಕಿವಿಗೊಡೋದು. ಕಾಣುವ ಕೂಸು ದನಿ ಬಂದತ್ತ ತಿರುಗಿದರೆ ಅಮ್ಮನ ಮುಖ ಸಿಗುತ್ತದೆ. ಕಾಣದ ಕೂಸಿಗೆ ತಿರುಗಿ ಸಿಗೋದೇನೂ ಇಲ್ಲ. ಮೈ ಅಲುಗಿಸಿದರೆ ಕೇಳೋದೂ ಕೆಡುತ್ತದೆ. ಅದಕ್ಕೆ ಮುಖ ಬಿಟ್ಟು ಕೈ ನೋಡ್ರಿ. ಪರಿಚಯದ ದನಿಗೆ ಬೆರಳು ಬಿಚ್ಚಿ ಮುಚ್ಚಿದರೆ ಅದೇ ಅದರ ಉತ್ತರ. ಒಮ್ಮೆ ಕರೆದು ಹತ್ತು ಸೆಕೆಂಡು ಕಾಯ್ರಿ, ಮೇಲಿಂದ ಮೇಲೆ ಕೂಗಬೇಡ್ರಿ, ಟಿವಿ ಬಂದ್ ಇರಲಿ. ನಗು ಬರೀ ದನಿಗಿಂತ ಹೊಟ್ಟೆಗೆ ಮೂಗು ಉಜ್ಜಿ ಆಡಿಸಿದಾಗ ಸಲೀಸಾಗಿ ಬರುತ್ತದೆ.

ಎರಡು ಕೆಲಸ ಮಾತ್ರ ಮುಂದೂಡಬೇಡ್ರಿ. ದಿನ ತುಂಬದ ಕೂಸಿಗೆ ಕಿವಿಯ ಬೇರಾ ಪರೀಕ್ಷೆ (ಸದ್ದು ಕಿವಿಯಿಂದ ಮಿದುಳಿಗೆ ಮುಟ್ಟುತ್ತದೋ ಇಲ್ಲವೋ ನೋಡೋದು) ಆಗಿರಲೇಬೇಕು. ಲೇಸರ್ ಆದ ಕಣ್ಣಿಗೆ ದೊಡ್ಡ ಮೈನಸ್ ನಂಬರ್ ಬರೋದು ಸಾಮಾನ್ಯ, ಔಷಧ ಹಾಕಿ ನಂಬರ್ ತೆಗೆಸ್ರಿ. ಇದ್ದಷ್ಟು ದೃಷ್ಟಿ ಚಷ್ಮಾದಿಂದ ಉಪಯೋಗಕ್ಕೆ ಬರಬಹುದು.

ಧಾರವಾಡ, ಮಕ್ಕಳ ಫಿಸಿಯೊ
ಬೋರಲು ಮಲಗಿದ ಕೂಸು ತಲೆ ಎತ್ತೋದು ಏನನ್ನಾದರೂ ನೋಡೋಕೆ. ಇದಕ್ಕೆ ಆ ಆಸೆ ಇಲ್ಲ, ಕುತ್ತಿಗೆ ಭಾರ ಅಷ್ಟೇ ಉಳೀತದೆ. ನೆಲಕ್ಕೆ ಹಾಕೋ ಮೊದಲು ನೀವು ಅರ್ಧ ಒರಗಿ ಎದೆ ಮೇಲೆ ಬೋರಲು ಮಲಗಿಸಿಕೊಂಡು ಮಾತಾಡ್ರಿ. ಒಂದೆರಡು ನಿಮಿಷ, ದಿನಕ್ಕೆ ಐದಾರು ಸಲ, ಹಾಲು ಕುಡಿದ ಕೂಡಲೇ ಬೇಡ. ಒಗ್ಗಿದ ಮೇಲೆ ನೆಲದಲ್ಲಿ ಸಣ್ಣ ಕೌದಿ ಸುತ್ತಿ ಎದೆ ಕೆಳಗಿಟ್ಟು ಎರಡೂ ಕೈ ಮುಂದಕ್ಕೆ ತರ್ರಿ.

ಗಿಲಕಿ ವಿಷಯ. ಸದ್ದು ಕೇಳಿ ಕೈ ಚಾಚೋದು ಇಂಥ ಕೂಸುಗಳಿಗೆ ವರ್ಷ ತುಂಬೋ ಹೊತ್ತಿಗೆ ಬರುತ್ತದೆ, ಕಾಣುವ ಕೂಸಿನಂತೆ ಐದನೇ ತಿಂಗಳಿಗಲ್ಲ. ಸದ್ದು ಬಂದಲ್ಲಿ ಹಿಡಿಯೋ ವಸ್ತು ಇದೆ ಅಂತ ಇನ್ನೂ ಗೊತ್ತಿಲ್ಲ. ಗಾಳಿಯಲ್ಲಿ ಅಲ್ಲಾಡಿಸಬೇಡ್ರಿ. ಮುಂಗೈಗೆ ತಾಗಿಸಿ, ಆಮೇಲೆ ಬಾರಿಸಿ, ತಾಗಿದಂತೇ ಬಿಡ್ರಿ. ಅದರ ಕೈ ಹಿಡಿದು ಜಗ್ಗಿದರೆ ಮುಷ್ಟಿ ಬಿಗಿ ಆಗ್ತದೆ. ನಿಮ್ಮ ಕೈ ಅದರ ಕೈ *ಕೆಳಗೆ* ಇರಲಿ. ಉರುಳಿ ಹೋದ ಸಾಮಾನು ಅದರ ಪಾಲಿಗೆ ಇಲ್ಲವೇ ಇಲ್ಲ, ಅದಕ್ಕೆ ಅಂಚಿರೋ ಪರಾತದೊಳಗೆ ಇಟ್ಟು ಕೊಡ್ರಿ.

ಕೂಸು ಮೇಲೆ ಮಲಗಿ ಆಡೋಕೆ ಒಂದು ಸದ್ದಿನ ಹಲಗೆ ಮಾಡಿಸ್ರಿ. ಬಡಿಗ್ಯಾರ ಹತ್ರ 4×4 ಅಡಿ ತೆಳು ಪ್ಲೈ ತಗೊಂಡು, ಅಂಚಿನ ಕೆಳಗೆ ಸುತ್ತ ಒಂದಿಂಚು ಕಟ್ಟಿಗೆ ಪಟ್ಟಿ ಹೊಡೆಸಿ, ಮೇಲೆಲ್ಲ ಮರಳು ಕಾಗದ ತಿಕ್ಕಿಸ್ರಿ. ಹಲಗೆ ಕೆಳಗೆ ಗಾಳಿ ಇರೋದರಿಂದ ಹಿಮ್ಮಡಿ ಬಡಿದರೂ ಸದ್ದು ಎದ್ದು ಮೈಗೆ ನಡುಕ ತಾಗ್ತದೆ. ಅಂಗಾತ ಮಲಗಿಸಿ, ಕೈಯಳತೆಯಲ್ಲಿ ಸ್ಟೀಲ್ ವಾಟಿ, ಚಮಚ ಇಡ್ರಿ, ದಿನಾ ಅದೇ ಜಾಗದಲ್ಲಿ. ಪಟ್ಟಿ ಹೊಡೆಯದೆ ಬರೀ ಪ್ಲೈ ಹಾಸಿದರೆ ಸದ್ದು ಸತ್ತು ಹೋಗ್ತದೆ. ಬ್ಯಾಟರಿ ಆಟಿಕೆ ದಂಡ ನನ್ನ ಪ್ರಕಾರ, ತಾನು ಬಡಿದದ್ದಕ್ಕೆ ಸದ್ದು ಬಂತು ಅಂತ ಕಲಿಯೋದೇ ಇಲ್ಲ.

ಗದಗ, ವಿಶೇಷ ಶಿಕ್ಷಕಿ
ಎತ್ತಿಕೊಳ್ಳೋ ಮೊದಲು ಹೆಸರು ಹೇಳಿ, ಭುಜ ಮುಟ್ಟಿ, ತುಸು ತಡೆದು ಎತ್ರಿ. ಇಲ್ಲಾಂದ್ರೆ ಪ್ರತಿ ಸಲ ಬೆಚ್ಚಿ ಬೀಳ್ತದೆ. ಅಮ್ಮನ ಬಳೆ ದಿನಾ ಬದಲಾಗದಿದ್ದರೆ ಒಳ್ಳೇದು, ಗುರುತು ಹಿಡೀಲಿಕ್ಕೆ.

ಕಾಣದ ಮಕ್ಕಳಿಗೆ ಸಂಗೀತ ಕಲಿಸೋ ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಕೇಳಿದವರು ‘ಸಂಗೀತ ಕಲಿಸ್ರಿ’ ಅಂತ ಈಗಲೇ ಮೊಬೈಲ್ ಹಾಡು ಹಚ್ಚಿಡ್ತಾರೆ. ದೊಡ್ಡವಾದ ಮೇಲೆ ಆ ಮಾತು ಬೇರೆ. ಈ ವಯಸ್ಸಿಗೆ ಇಡೀ ದಿನದ ಹಾಡು ಅಂದ್ರೆ ಮನೆ ಸದ್ದೆಲ್ಲ ಮುಚ್ಚಿಹೋಗೋದು.

ಕೇಳಿದವರು
ಮುಷ್ಟಿಯಿಂದ ಕಣ್ಣು ಒತ್ತಿಕೊಳ್ಳತೈತಿ, ಅದಕ್ಕೇನ್ ಮಾಡೂದ್ರಿ?

ಹುಬ್ಬಳ್ಳಿ, ಆಪ್ಟೋಮೆಟ್ರಿಸ್ಟ್
ಒತ್ತಿದಾಗ ಬೆಳಕು ಮಿಂಚಿದಂತೆ ಆಗ್ತದೆ, ಅದಕ್ಕೆ ಒತ್ತೋದು. ಬಹುಪಾಲು ಕೈ ಖಾಲಿ ಇದ್ದಾಗ. ಗದರಬೇಡ್ರಿ, ಕೈಗೆ ಏನಾದರೂ ಕೊಡ್ರಿ. ವರ್ಷಗಟ್ಟಲೆ ಒತ್ತಿದರೆ ಕಣ್ಣು ಒಳಗೆ ಕುಳಿ ಬೀಳ್ತದೆ. ಆದರೆ ಕಣ್ಣು ಕೆಂಪಾಗಿ ನೀರು ಸುರಿದರೆ, ಕರಿಗುಡ್ಡೆ ಮಂಜಾದರೆ, ಬೆಳಕಿಗೆ ಚೀರಿದರೆ ರೂಢಿ ಅಂತ ಬಿಡಬೇಡ್ರಿ. ಆರ್‌ಒಪಿ ಆದ ಕಣ್ಣಲ್ಲಿ ಒತ್ತಡ ಏರಿರಬಹುದು, ಅವತ್ತೇ ರೆಟಿನಾ ಡಾಕ್ಟರ್‌ಗೆ ತೋರಿಸ್ರಿ.